ಬೆಳ್ಳಿ ಬಣ್ಣ ಬಳಿದ ಸೀಸಿಯಂ

ಸಿಮೆಂಟು ಕಾರ್ಖಾನೆಗಳಲ್ಲಿ ವಿಕಿರಣ ಸುರಕ್ಷತೆಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ಶಹಾಬಾದದ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಚಹಾ ಮುಗಿಯುವ ಮೊದಲೇ ಒಬ್ಬರಾದರೂ ಕೇಳುತ್ತಾರೆ: "ಸರ್, ಈ ಕೆಲಸಾ ಮಾಡಿದ್ರ ಕೂದಲಾ ಉದುರ್ತಾವೇನ್ರಿ?" ನಾನು ಟೊಪ್ಪಿಗೆ ತೆಗೆದು ತಲೆ ತೋರಿಸುತ್ತೇನೆ. ಉದುರಿವೆ. ಆದರೆ ನಮ್ಮಪ್ಪನವೂ ಉದುರಿದ್ದವು, ಅವನು ಬದುಕಿಡೀ ಫರ್ಸಿ ಕಲ್ಲು ಒಡೆದವನು. ವಿಕಿರಣದ ಹೆಸರೂ ಕೇಳಿದವನಲ್ಲ.

ನಗುತ್ತಾರೆ, ಅಂಜಿಕೆ ಸ್ವಲ್ಪ ಇಳಿಯುತ್ತದೆ. ಆಮೇಲೆ ನಾನು ಬಡ್ತಿ, ಪಗಾರದ ಮಾತು ಬಿಟ್ಟು ಸಾವಿತ್ರಿಯ ವಿಷಯ ಹೇಳುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು, ವಯಸ್ಸೂ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನೆಂದು ತಿಳಿಯಬೇಕು. ನಾನಿದ್ದ ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಸೇಡಂ ಕಡೆಯದು ಎಂದರೆ ಸಾಕು. ಅದರ ಎತ್ತರದ ಗೋಪುರದಲ್ಲಿ ಸುಣ್ಣಕಲ್ಲಿನ ಪುಡಿ ಬಿಸಿಯಾಗುತ್ತಾ ಮೇಲಿಂದ ಕೆಳಗೆ ಇಳಿಯುತ್ತದೆ. ಒಳಗೆ ಎಷ್ಟು ತುಂಬಿದೆ ಎಂದು ಇಣುಕಿ ನೋಡಿದರೆ ಮುಖ ಬೇಯುತ್ತದೆ. ಹಾಗಾಗಿ ಒಂದು ಬದಿಗೆ ಸೀಸ ತುಂಬಿದ ದಪ್ಪ ಡಬ್ಬಿ ಇಟ್ಟು, ಅದರೊಳಗೆ ಸೀಸಿಯಂ ಎಂಬ ವಿಕಿರಣ ವಸ್ತುವಿನ ಕಾಳಿನಷ್ಟು ತುಣುಕು ಇಡುತ್ತಾರೆ. ಇನ್ನೊಂದು ಬದಿಗೆ ಅದರ ಕಿರಣ ಎಣಿಸುವ ಯಂತ್ರ. ನಡುವೆ ಪುಡಿ ತುಂಬಿದರೆ ಕಿರಣ ಕಡಿಮೆ ಮುಟ್ಟುತ್ತದೆ, ಖಾಲಿಯಾದರೆ ಹೆಚ್ಚು. ಡಬ್ಬಿಗೆ ಒಂದು ಬಾಗಿಲಿದೆ. ಅದನ್ನು ಮುಚ್ಚಿ ಬೀಗ ಹಾಕಿದರೆ ಕಿರಣ ಒಳಗೇ ಉಳಿಯುತ್ತದೆ, ಹೊರಗೆ ತೀರ ಸ್ವಲ್ಪ ಸೋರುತ್ತದೆ. ಆ ಬಾಗಿಲು, ಆ ಬೀಗ, ಆ ಸೋರಿಕೆಯನ್ನು ಮೀಟರಿನಲ್ಲಿ ಅಳೆಯುವುದು ನನ್ನ ಕೆಲಸವಾಗಿತ್ತು.

ಕಲಿಸಿದವರು ಪಾಟೀಲ ಸಾಹೇಬರು. ಸಿಟ್ಟಿನ ಮನುಷ್ಯ. ಮೊದಲ ದಿನವೇ ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದರು: "ನೋಡಪ್ಪ ಗೌತಮ, ಈ ಕೆಲಸದಾಗ ಎರಡ್ ಮಾತು ಹರಾಮ. ಒಂದು 'ಸತ್ತೇ ಹೋಗ್ತೀರಿ', ಇನ್ನೊಂದು 'ಏನೂ ಆಗಂಗಿಲ್ಲ'. ಮೀಟರ್ ಎಷ್ಟು ಹೇಳ್ತದ, ಅಷ್ಟೇ ಹೇಳು. ಅದರ ಮ್ಯಾಲ ಒಂದ್ ಅಕ್ಷರ ಬ್ಯಾಡ."

ಅರ್ಧಾಯುಷ್ಯವೆಂದರೇನು ಎಂದು ಅವರು ಕಲಿಸಿದ್ದು ಕರಿ ಹಲಗೆಯ ಮೇಲೆ. ನನಗೆ ತಿಳಿದದ್ದು ಮನೆಯಲ್ಲಿ, ಪಂಚಮಿಗೆ ನನ್ನ ಹೆಂಡತಿ ಸುಜಾತಾ ಜೋಳದ ಅಳ್ಳು ಹುರಿಯುವಾಗ. ಕಾದ ಕಡಾಯಿಯಲ್ಲಿ ಹಿಡಿ ಜೋಳ ಹಾಕಿದರೆ ಯಾವ ಕಾಳು ಈಗ ಸಿಡಿಯುತ್ತದೆ, ಯಾವುದು ಆಮೇಲೆ ಎಂದು ಯಾರೂ ಹೇಳಲಾರರು. ಇಷ್ಟು ಹೊತ್ತಿಗೆ ಅರ್ಧ ಸಿಡಿದಿರುತ್ತವೆ ಎಂದು ಮಾತ್ರ ಹೇಳಬಹುದು. ಸೀಸಿಯಂನ ಕಣಗಳೂ ಹಾಗೇ. ಅವಕ್ಕೆ ಬೆಂಕಿ ಬೇಕಿಲ್ಲ, ತಣ್ಣೀರು ಸುರಿದರೆ ನಿಲ್ಲುವುದೂ ಇಲ್ಲ. ತಾವಾಗಿಯೇ ಒಂದೊಂದಾಗಿ ಕಿರಣ ಬಿಟ್ಟು ಬೇರೆ ವಸ್ತುವಾಗುತ್ತವೆ. ಮೂವತ್ತು ವರ್ಷಕ್ಕೆ ಅರ್ಧ ಉಳಿಯುತ್ತವೆ. ಇನ್ನೂ ಮೂವತ್ತಕ್ಕೆ ಉಳಿದದ್ದರ ಅರ್ಧ. ಅರವತ್ತಕ್ಕೆ ಪೂರ್ತಿ ಮುಗಿಯಿತು ಎಂದು ಲೆಕ್ಕ ಹಾಕುವವರು ಪರೀಕ್ಷೆಯಲ್ಲಿ ನಪಾಸಾಗುತ್ತಾರೆ, ನಾನೂ ಮೊದಲು ಹಾಗೇ ಆದವನು.

ಇದೇ ಲೆಕ್ಕದ ಇನ್ನೊಂದು ಮುಖ ನೋಡಿದ್ದು ನಮ್ಮ ಗಣಿಯಲ್ಲಿ. ಸುಣ್ಣಕಲ್ಲಿನ ಮೇಲಿನ ಕರಿಮಣ್ಣು ತೆಗೆಯುವಾಗ ಆಳದಲ್ಲಿ ಸುಟ್ಟ ಕಲ್ಲುಗಳ ನಡುವೆ ಇದ್ದಿಲು ಸಿಕ್ಕಿತು. ಹಳೆಯ ಕಾಲದವರ ಒಲೆ ಇರಬೇಕೆಂದು ವಿಶ್ವವಿದ್ಯಾಲಯಕ್ಕೆ ಹೇಳಿ ಕಳಿಸಿದೆವು. ಅಲ್ಲಿಂದ ಒಬ್ಬ ಮೇಡಂ ಬರುವಷ್ಟರಲ್ಲಿ ಗಣಿ ಮೇಸ್ತ್ರಿ ಬಸಣ್ಣ ಅಲ್ಲಿ ತೆಂಗಿನಕಾಯಿ ಒಡೆದು, ಊದುಬತ್ತಿ ಹಚ್ಚಿ, ಕರ್ಪೂರ ಉರಿಸಿ ಮುಗಿಸಿದ್ದ. "ಯಾವದೋ ಸಾಧುನ ಧುನಿ, ಅವನ ಅಗ್ನಿಕುಂಡ ಅದರಿ ಇದು. ಹಂಗೇ ಬಿಡಲಿಕ್ಕ ಬರ್ತದೇನ್ರಿ?" ಎಂದ.

ಮೇಡಂ ಆ ಹೊಸ ಬೂದಿ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ಮೈಸೂರು ಕಡೆಯವರು. "ಇದನ್ನೇ ಕಳಿಸಿದ್ರೆ ನಿಮ್ಮ ಸಾಧು ಮೊನ್ನೆ ಮೊನ್ನೆ ಹುಟ್ಟಿದ ಅಂತ ವರದಿ ಬರುತ್ತೆ ನೋಡಿ" ಎಂದರು. ಆಮೇಲೆ ಆಳದ ಇದ್ದಿಲನ್ನು ಕೈ ತಾಗಿಸದೆ ತೆಗೆದು ಕಟ್ಟಿಕೊಂಡರು. ಬದುಕಿರುವ ಗಿಡ ಗಾಳಿಯಿಂದ ಇಂಗಾಲ ಹೀರುತ್ತಲೇ ಇರುತ್ತದೆ, ಅದರಲ್ಲಿ ಒಂದಿಷ್ಟು ವಿಕಿರಣದ ಇಂಗಾಲವೂ ಇರುತ್ತದೆ. ಗಿಡ ಸತ್ತ ದಿನ ಹೀರುವುದು ನಿಲ್ಲುತ್ತದೆ, ಒಳಗಿದ್ದದ್ದು ಸವೆಯುತ್ತಾ ಹೋಗುತ್ತದೆ. ಸುಮಾರು ಐದು ಸಾವಿರದ ಏಳುನೂರು ವರ್ಷಕ್ಕೆ ಅರ್ಧ. ಉಳಿದದ್ದನ್ನು ಎಣಿಸಿದರೆ ಸತ್ತು ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. "ಹಂಗಾದ್ರ ನಮ್ಮ ಭಟ್ಟಿ ಕಲ್ಲಿದ್ದಲಿನ ವಯಸ್ಸು ಹೇಳ್ರಿ" ಎಂದೆ. ಅದು ಕೋಟಿಗಟ್ಟಲೆ ವರ್ಷದ ಹಿಂದಿನದು, ಎಣಿಸಲು ಅದರಲ್ಲಿ ಏನೂ ಉಳಿದಿಲ್ಲ ಎಂದರು.

ವರದಿ ಬಂತು. ಇಷ್ಟು ಸಾವಿರ ವರ್ಷ, ಹೆಚ್ಚು ಕಡಿಮೆ ಇಷ್ಟು ಎಂದಿತ್ತು. ಬಸಣ್ಣನಿಗೆ ಸಮಾಧಾನವಾಗಲಿಲ್ಲ. "ಹೆಚ್ಚು ಕಡಿಮಿ ಯಾಕ್ರಿ? ಇಷ್ಟು ಕಲ್ತವರು ಒಂದ್ ಮಾತು ಹೇಳಬಾರದಾ?" ಎಂದು ಕೇಳಿದ. ನಾನು ಆಗ ನಕ್ಕಿದ್ದೆ. ಮುಂದೆ ಅದೇ ಮಾತು ಇನ್ನೊಬ್ಬರ ಬಾಯಿಂದ ಕೇಳಿದಾಗ ನಗು ಬರಲಿಲ್ಲ.

ನಮ್ಮಲ್ಲಿ ದಸರೆಗೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಹಳ ಜೋರು. ಪೂಜೆಗೆ ಮೊದಲು ಪ್ರತಿ ವಿಭಾಗದವರೂ ತಮ್ಮ ಯಂತ್ರ ತೊಳೆದು, ಒರೆಸಿ, ಹೊಸ ಬಣ್ಣ ಬಳಿದು, ಮದುವೆ ಹೆಣ್ಣಿನ ಹಾಗೆ ಸಿಂಗರಿಸುತ್ತಾರೆ. ಆ ವರ್ಷ ನಾನು ತರಬೇತಿಗೆಂದು ಮುಂಬೈಯಲ್ಲಿದ್ದೆ. ಗೋಪುರದ ಹುಡುಗರು ಕೊಳವೆ, ಕಂಬ, ಕಟಾಂಜನ ಎಲ್ಲಕ್ಕೂ ಬೆಳ್ಳಿ ಬಣ್ಣ ಬಳಿದರು. ಗೋಪುರದ ಪಕ್ಕದಲ್ಲಿ ಬಳಕೆ ನಿಂತಿದ್ದ ಒಂದು ಹಳೆಯ ಸೀಸಿಯಂ ಡಬ್ಬಿ ಇತ್ತು. ಬಾಗಿಲು ಮುಚ್ಚಿ ಬೀಗ ಹಾಕಿ, ವಾಪಸು ಕಳಿಸಲು ಮುಂಬೈಯ ಅಣುಶಕ್ತಿ ಇಲಾಖೆಯವರ ಅಪ್ಪಣೆಗಾಗಿ ಕಾಯುತ್ತಿದ್ದೆವು. ಅದರ ಮೇಲಿನ ಹಳದಿ ಅಪಾಯದ ಚಿತ್ರ ಮಾಸಿತ್ತು. ದೇವರ ಮುಂದೆ ಮಾಸಿದ್ದು ಇರಬಾರದು ಎಂದು ಅದಕ್ಕೂ ಬೆಳ್ಳಿ ಬಣ್ಣ. ಬೀಗಕ್ಕೂ ಬಳಿದರು. ಮೇಲೆ ವಿಭೂತಿ, ಕುಂಕುಮ, ಚೆಂಡು ಹೂವಿನ ಮಾಲೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಭಕ್ತಿಯೇ ಇತ್ತು.

ದಸರೆಯ ಬೆನ್ನಿಗೇ ಭಟ್ಟಿ ನಿಲ್ಲಿಸಿ ದುರಸ್ತಿ ಶುರುವಾಯಿತು. ಗುತ್ತಿಗೆಯವರು ಹಳೆಯ ಕಬ್ಬಿಣ ಕತ್ತರಿಸಿ ಇಳಿಸುವಾಗ ಈ ಡಬ್ಬಿಯೂ ಇಳಿಯಿತು. ನಾನು ಮುಂಬೈಯಿಂದ ಬಂದು ಗೋಪುರ ಹತ್ತಿದಾಗ ಆ ಜಾಗದಲ್ಲಿ ನಾಲ್ಕು ಬೋಲ್ಟಿನ ತೂತು ಮಾತ್ರ ಇದ್ದವು. ಇಳಿದು ಪಾಟೀಲ ಸಾಹೇಬರ ಕೋಣೆಗೆ ಓಡಿದೆ. ಪಾಟೀಲ ಸಾಹೇಬರು ಮೇಲಿನವರಿಗೆಲ್ಲ ತಿಳಿಸಿದರು. ಮೀಟರು ಹಿಡಿದು ಗುಜರಿ ರಾಶಿ ಸುತ್ತಿದೆವು, ವಾಡಿಯ ತನಕ ಹೋಗಿ ಗುಜರಿ ಅಂಗಡಿಗಳನ್ನು ನೋಡಿದೆವು. ಮೀಟರು ಮಾತಾಡಲಿಲ್ಲ. ಕೊನೆಗೆ ಗುತ್ತಿಗೆ ಕೂಲಿಗಳನ್ನು ಕೂಡಿಸಿ ಕೇಳಿದಾಗ ಸಾಯಬಣ್ಣ ಎಂಬ ಫಿಟ್ಟರ್ ತಾನಾಗಿಯೇ ಎದ್ದು ನಿಂತ.

"ನಾನೇ ಒಯ್ದೀನ್ರಿ, ಗುತ್ತಿಗಿ ಮೇಸ್ತ್ರಿಗಿ ಕೇಳಿನೇ ಒಯ್ದೀನಿ. ಒಳಗ ಸೀಸ ಅದ ಅಂತ ಗೊತ್ತಾತು. ನಮ್ದು ಕಾಗಿಣಾ ಹೊಳ್ಯಾಗ ಮೀನ ಹಿಡಿಯೋ ಮನಿತನರಿ. ಬಲಿಗಿ ಸೀಸದ ಗುಂಡು ಬೇಕಾಗ್ತಾವ."

"ಒಡದಿಯೇನೋ?" ಎಂದು ಪಾಟೀಲ ಸಾಹೇಬರು ಕೂಗಿದರು. ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಇಲ್ರಿ. ಹೇಣ್ತಿ ಬಸುರಿ ಇದ್ದಾಳ್ರಿ. ಬಸುರಿ ಗಂಡ ಏನೂ ಒಡಿಬಾರದು, ಕಡಿಬಾರದು ಅಂತ ನಮ್ಮವ್ವ ಮುಟ್ಟಗೊಟ್ಟಿಲ್ರಿ. ಹಡದ ಮ್ಯಾಲ ಕರಗಸ್ಬೇಕಂತ ಇಟ್ಟೀನಿ."

ಒಂದು ಆಚಾರ ಅಪಾಯದ ಗುರುತನ್ನು ಅಳಿಸಿತ್ತು, ಇನ್ನೊಂದು ಆಚಾರ ಇಡೀ ಓಣಿಯನ್ನು ಉಳಿಸಿತ್ತು. ಅವನು ಅದನ್ನು ಒಡೆದು ಒಲೆಯ ಮೇಲೆ ಕರಗಿಸಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಆಚಾರ ಎಂದರೆ ಮೂಗು ಮುರಿಯುತ್ತಿದ್ದ ನಾನು ಆವತ್ತಿನಿಂದ ಸ್ವಲ್ಪ ತಡೆದು ಮುರಿಯುತ್ತೇನೆ.

ನದಿ ದಂಡೆಯ ಆ ಹಳ್ಳಿಗೆ ಹೋದಾಗ ಡಬ್ಬಿ ಒಳಕೋಣೆಯಲ್ಲಿತ್ತು. ಸಾಯಬಣ್ಣನ ಹೆಂಡತಿ ಸಾವಿತ್ರಿ ಅದರ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಐದನೇ ತಿಂಗಳು. ನೆಲಕ್ಕೆ ಕುಳಿತರೆ ಏಳಲು ತ್ರಾಸಾಗುತ್ತದೆಂದು ಅದನ್ನೇ ಮಣೆ ಮಾಡಿಕೊಂಡಿದ್ದಳು. "ಏಳವ್ವ, ಹೊರಗ ಬಾ" ಎಂದೆ. ನನ್ನ ದನಿ ಕೇಳಿಯೇ ಅವಳು ಮೊರ ಚೆಲ್ಲಿ ಎದ್ದಳು.

ಅಳೆದೆ. ಬೀಗ ಬಣ್ಣದಲ್ಲಿ ಅಂಟಿಕೊಂಡು ಹಾಗೇ ಇತ್ತು, ಬಾಗಿಲು ಮುಚ್ಚಿಯೇ ಇತ್ತು. ಹೊರಗೆ ಸೋರುತ್ತಿದ್ದದ್ದು ಸ್ವಲ್ಪ. ಅವಳು ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು ಕುಳಿತಿದ್ದಳು ಎಂದು ಕೇಳಿ ಕೇಳಿ ಲೆಕ್ಕ ಹಾಕಿದೆವು. ಕೂಸಿಗೆ ಹಾನಿಯಾಗುವ ಮಟ್ಟಕ್ಕೆ ಹೋಲಿಸಿದರೆ ಅದು ತೀರ ಕೆಳಗೆ. ಮುಂಬೈಯ ತಜ್ಞರೂ ಲೆಕ್ಕ ನೋಡಿ ಗರ್ಭ ತೆಗೆಸುವ ಕಾರಣವೇ ಇಲ್ಲ ಎಂದರು. ಸೇಡಂನ ವೈದ್ಯರೂ ಅದನ್ನೇ ಒಪ್ಪಿದರು. ಡಬ್ಬಿಯನ್ನು ಆ ದಿನವೇ ಸಾಗಿಸಿದೆವು.

ಆದರೆ ಊರು ಲೆಕ್ಕ ಕೇಳಲಿಲ್ಲ. ಆ ಮನೆಗೆ 'ಅಣು' ಹತ್ತಿದೆ ಎಂದು ಸುದ್ದಿಯಾಯಿತು. ಬಾವಿಯಲ್ಲಿ ಸಾವಿತ್ರಿ ಕೊಡ ಇಳಿಸಿದರೆ ಉಳಿದವರು ಸರಿದು ನಿಂತರು. ಸಾಯಬಣ್ಣನ ಮೀನು ಯಾರೂ ಕೊಳ್ಳಲಿಲ್ಲ. ದೀಪ ಒಯ್ದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದು, ಹಾಗೇ ಡಬ್ಬಿ ಒಯ್ದ ಮೇಲೆ ಮನೆಯಲ್ಲಿ ಏನೂ ಉಳಿದಿಲ್ಲ ಎಂದು ಮೀಟರು ಹಿಡಿದು ಗೋಡೆ ಗೋಡೆಗೆ ತೋರಿಸಿದೆ. ತಲೆಯಾಡಿಸಿದರು, ಒಳಗೆ ಮಾತ್ರ ಬರಲಿಲ್ಲ.

ನನಗೆ ಇದು ಹೊಸದಲ್ಲ. ನಮ್ಮದು ಬುದ್ಧ ವಿಹಾರದ ಓಣಿ, ದಲಿತರದು. ಚರಿಗೆ ಎತ್ತಿ ಹಿಡಿದು ಬೊಗಸೆಗೆ ನೀರು ಸುರಿಯುವುದನ್ನು ನೋಡಿಯೇ ಬೆಳೆದವನು. ಅಳೆಯಲು ಹೋದ ಮೊದಲ ದಿನ ಸಾಯಬಣ್ಣನ ತಾಯಿ ಅಂಬವ್ವ ನನಗೆ ನೀರು ಕೊಟ್ಟದ್ದೂ ಹೊರಗಿಟ್ಟ ಬೇರೆ ಚರಿಗೆಯಲ್ಲೇ. ಈಗ ಊರು ಅವಳ ಮನೆಯನ್ನೇ ಹೊರಗಿಟ್ಟಿತ್ತು. ಆದದ್ದು ಒಳ್ಳೆಯದೇ ಆಯಿತು ಎಂದು ಒಂದು ಗಳಿಗೆ ನನಗೆ ಅನಿಸಿದ್ದೂ ಹೌದು. ಹೊಸ್ತಿಲಲ್ಲಿ ನಿಂತ ಸಾವಿತ್ರಿಯ ಮುಖ ನೋಡಿದೆ, ಆ ಅನಿಸಿಕೆ ಅಲ್ಲಿಗೇ ಸತ್ತಿತು.

ಚಿಂಚೋಳಿ ಕಡೆಯಿಂದ ಅವಳ ಅಣ್ಣ ಬಂದು ಕುಳಿತಿದ್ದ. ಕೂಸು ಕುರುಡೋ ಕುಂಟೋ ಹುಟ್ಟುವುದಕ್ಕಿಂತ ಈಗಲೇ ತೆಗೆಸುವುದು ಚಲೋ ಎಂಬುದು ಅವನ ಮಾತು. ನಾನು ಅಂಬವ್ವನ ಮುಂದೆ ಕುಳಿತು ಪಾಟೀಲ ಸಾಹೇಬರು ಕಲಿಸಿದ ಹಾಗೆ ಅಳತೆ ಹೇಳಿದೆ. ತಿಳಿಯಲಿಲ್ಲ. ಅಳ್ಳಿನ ಕಡಾಯಿಯ ಮಾತು ತೆಗೆದೆ.

"ಯವ್ವಾ, ಇಂಥ ಕಾಳು ಸಿಡಿತದ ಅಂತ ಹೇಳಲಿಕ್ಕ ಬರಂಗಿಲ್ಲ. ಆದ್ರ ಕಡಾಯ್ಯಾಗ ಎಷ್ಟು ಸಿಡಿತಾವ ಅನ್ನೋದು ಗೊತ್ತಿರ್ತದ. ಕೂಸಿನ ಲೆಕ್ಕಾನೂ ಹಂಗೇ. ಇಷ್ಟು ಸಣ್ಣ ಸೋರಿಕ್ಯಾಗ ಸಾವಿರ ಬಸುರಿಯರು ಕುಂತ್ರೂ..."

ಅಂಬವ್ವ ಕೈ ಅಡ್ಡ ಹಿಡಿದಳು. "ಸಾವಿರ ಮಂದಿ ಮಾತು ಬಿಡಪ್ಪ. ನನ್ನ ಕಡಾಯ್ಯಾಗ ಇರೋದು ಒಂದೇ ಕಾಳು. ಅದಕ್ಕ ಏನಾಗ್ತದ, ಅಷ್ಟು ಹೇಳು."

ಗುಂಪಿನ ಲೆಕ್ಕ ನಮ್ಮ ಹತ್ತಿರ ಇದೆ, ಒಂದರ ಲೆಕ್ಕ ಯಾರ ಹತ್ತಿರವೂ ಇಲ್ಲ. ಯಾವ ತೊಂದರೆಯೂ ಇಲ್ಲದ ಬಸುರಿಯಲ್ಲೂ ಒಮ್ಮೊಮ್ಮೆ ಕೂಸಿಗೆ ಏನಾದರೂ ಆಗುತ್ತದೆ. ಹಾಗೇನಾದರೂ ಆದರೆ ಊರು ಡಬ್ಬಿಯನ್ನೇ ಬೈಯುತ್ತದೆ, ನನ್ನನ್ನೂ ಬೈಯುತ್ತದೆ. ಒಳಗಿನ ಬಾಗಿಲ ಹಿಂದೆ ಸಾವಿತ್ರಿಯ ಬಳೆ ಸದ್ದಾಯಿತು, ಅವಳು ಕಿವಿಗೊಟ್ಟು ನಿಂತಿದ್ದಳು. ನಾನು ಹರಾಮಿನ ಮಾತು ಆಡಿಬಿಟ್ಟೆ.

"ಏನೂ ಆಗಂಗಿಲ್ಲ ಯವ್ವಾ. ಇಟ್ಕೊಳ್ರಿ."

ಸಂಜೆ ಪಾಟೀಲ ಸಾಹೇಬರಿಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಕನ್ನಡಕ ತೆಗೆದು ಒರೆಸಿದರು. "ಅಂದಿ?" ಎಂದರು. "ಅಂದೀನ್ರಿ." "ಹಂಗಾದ್ರ ಇನ್ ನೀನೂ ಆ ಮನಿಯವ್ನೇ. ಹಡಿಯೋತನಕ ಕಾಯಿ."

ಆದರೆ ನನ್ನ ಮಾತು ಸಾಲಲಿಲ್ಲ. ಸಾವಿತ್ರಿಯ ಕುಬಸದ ದಿನ ಮೊದಲೇ ಗೊತ್ತಾಗಿತ್ತು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ಕೊಟ್ಟು, ಉಡಿ ತುಂಬಿ, ಓಣಿಯೆಲ್ಲ ಕೂಡಿ ಉಣ್ಣುವ ಶಾಸ್ತ್ರ. ಅಣ್ಣ ಬೇಡವೆಂದ. ಸಾವಿತ್ರಿ ಅಷ್ಟು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟಳಂತೆ: "ಕುಬಸಾ ಮಾಡ್ರಿ. ಒಬ್ಬರರೆ ಬಂದು ಉಂಡ್ರ ಇಟ್ಕೋತೀನಿ. ಯಾರೂ ಬರಲಿಲ್ಲಂದ್ರ ಅಣ್ಣನ ಕೂಡ ಹೋಗ್ತೀನಿ. ಯಾರಿಗೂ ಬ್ಯಾಡಾದ ಕೂಸು ಹಡದು ಏನು ಮಾಡ್ಲಿ?" ಸಾಯಬಣ್ಣ ಕಾರ್ಖಾನೆಗೆ ಬಂದು ಇದನ್ನು ಹೇಳಿ ನಿಂತ. ಬನ್ನಿ ಎಂದು ಕರೆಯಲು ಅವನಿಗೆ ಸಂಕೋಚ. ನಮ್ಮ ಓಣಿಯವರನ್ನು ಅವರ ಮನೆಯವರು ಎಂದೂ ಊಟಕ್ಕೆ ಕರೆದದ್ದಿರಲಿಲ್ಲ. ನಾನೇ ಬರುತ್ತೇನೆಂದೆ.

ಸುಜಾತಾ ಸೇಡಂನಲ್ಲಿ ಹಸಿರು ಸೀರೆ ಕೊಂಡಳು. ಅವಳಿಗೆ ಅಂಜಿಕೆ ಇತ್ತು, ನಿಜ ಹೇಳಬೇಕು. ಬಸ್ಸಿನಲ್ಲಿ ಎರಡು ಸಲ ಕೇಳಿದಳು, "ಖರೇನೇ ಏನೂ ಇಲ್ಲಲಾ?" ಮನೆಗೆ ಹೋದಾಗ ಅಂಗಳ ಸಾರಿಸಿ ರಂಗೋಲಿ ಹಾಕಿತ್ತು, ಚಾಪೆ ಉದ್ದಕ್ಕೆ ಹಾಸಿತ್ತು, ಬುಟ್ಟಿ ತುಂಬ ಕಡಬು ಇದ್ದವು. ಉಣ್ಣುವವರು ಯಾರೂ ಇರಲಿಲ್ಲ. ಓಣಿಯ ಹೆಂಗಸರು ತಮ್ಮ ತಮ್ಮ ಕಟ್ಟೆಯಲ್ಲಿ ನಿಂತು ನೋಡುತ್ತಿದ್ದರು. ಸುಜಾತಾ ಸೀದಾ ಒಳಗೆ ಹೋಗಿ ಸಾವಿತ್ರಿಗೆ ಬಳೆ ಏರಿಸಿ, ಉಡಿ ತುಂಬಿದಳು. ನಾನು ಆ ಒಳಕೋಣೆಯಲ್ಲೇ, ಡಬ್ಬಿ ಇದ್ದ ಜಾಗದಲ್ಲೇ ಕುಳಿತೆ. ಅಂಬವ್ವ ದೇವರ ಮಾಡದಿಂದ ಹಿತ್ತಾಳೆಯ ಗಂಗಾಳ ತಂದು ನನ್ನ ಮುಂದಿಟ್ಟಳು. ಅದು ಅವಳ ಗಂಡ ಉಣ್ಣುತ್ತಿದ್ದ ಗಂಗಾಳವೆಂದು ಆಮೇಲೆ ತಿಳಿಯಿತು. ಕಡಬು ಮುರಿಯುವಾಗ ನನ್ನ ಕೈ ನಡುಗಿತು. ನಾವು ಉಣ್ಣುತ್ತಿರುವಾಗ ಪಕ್ಕದ ಮನೆಯ ಮುದುಕಿಯೊಬ್ಬಳು "ಸರೀರಿ, ನನಗೂ ಒಂದೀಟು ಹಾಕ್ರಿ" ಎನ್ನುತ್ತಾ ಬಂದು ಕುಳಿತಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಅಣ್ಣ ಸಂಜೆಯ ಬಸ್ಸಿಗೆ ಒಬ್ಬನೇ ಚಿಂಚೋಳಿಗೆ ಹೋದ.

ಆಮೇಲಿನ ತಿಂಗಳುಗಳು ನನಗೆ ಕಠಿಣವಾಗಿದ್ದವು. ಆ ಹಳ್ಳಿಯ ದಾರಿ ಬಿಟ್ಟು ಸುತ್ತು ಹಾಕಿ ಕಾರ್ಖಾನೆಗೆ ಹೋಗುತ್ತಿದ್ದೆ. ಲೆಕ್ಕವನ್ನು ಮತ್ತೆ ಮತ್ತೆ ಹಾಕಿದೆ, ಪ್ರತಿ ಸಲವೂ ಅದೇ ಉತ್ತರ ಬಂತು, ಒಂದು ಸಲವೂ ಸಮಾಧಾನ ಬರಲಿಲ್ಲ. ಒಂದು ಬೆಳಿಗ್ಗೆ ಸಾಯಬಣ್ಣ ಗೇಟಿನ ಹತ್ತಿರ ಅಳುತ್ತಾ ನಿಂತಿದ್ದಾನೆಂದು ಯಾರೋ ಹೇಳಿದರು. ಓಡಿದೆ. "ಹೆಣ್ಣರಿ" ಎಂದ. "ಕೈ, ಕಾಲು, ಕಣ್ಣು, ಎಲ್ಲಾ ನೆಟ್ಟಗ ಅವರಿ. ಭಾಳ ಅಳ್ತದರಿ." ನಾನು ಉಪಕರಣಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಅದಾದ ಮೇಲೆ ನಮ್ಮ ಪದ್ಧತಿ ಬದಲಾಯಿತು. ಡಬ್ಬಿಗೆ ಬಣ್ಣ ಬಳಿಯುವಂತಿಲ್ಲ, ಪೂಜೆಯ ದಿನ ನಾನೇ ಖುದ್ದು ನಿಂತು ಮಾಲೆ ಮಾತ್ರ ಹಾಕಿಸುತ್ತಿದ್ದೆ. ಬಳಕೆ ನಿಂತ ಡಬ್ಬಿ ಗೋಪುರದಲ್ಲಿ ಉಳಿಯುವಂತಿಲ್ಲ. ಈಗಿನವರಿಗೆ ಇವೆಲ್ಲ ನಿಯಮದ ಸಾಲುಗಳು. ಪ್ರತಿ ಸಾಲಿನ ಹಿಂದೆ ಯಾರೋ ಒಬ್ಬರ ಮನೆ ಇರುತ್ತದೆ.

ಆ ಕೂಸಿನ ಹೆಸರು ಭಾಗ್ಯಾ. ದಂಡೋತಿಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಮೊನ್ನೆ ಅವಳ ಕುಬಸಕ್ಕೆ ಸಾವಿತ್ರಿ ತಾನೇ ಶಹಾಬಾದಕ್ಕೆ ಬಂದು ಕರೆದು ಹೋಗಿದ್ದಳು. ಅಂಬವ್ವ ಇಲ್ಲ, ಪಾಟೀಲ ಸಾಹೇಬರೂ ಇಲ್ಲ. ಆ ಸೀಸಿಯಂ ಮಾತ್ರ ಎಲ್ಲೋ ದೂರದಲ್ಲಿ ಭದ್ರವಾಗಿ ಇನ್ನೂ ಸವೆಯುತ್ತಲೇ ಇದೆ, ಅಂದಿದ್ದದ್ದರ ಅರ್ಧಕ್ಕೂ ಇಳಿದಿಲ್ಲ. ನಾನು, ಸುಜಾತಾ ಸಾವಿತ್ರಿಯ ಮನೆಗೆ ಹೋದಾಗ ಅಂಗಳದ ತುಂಬ ಮಂದಿ, ಹಾಡು, ನಗು, ಕಾಲಿಡಲು ಜಾಗವಿರಲಿಲ್ಲ. ಸಾವಿತ್ರಿ ನಮ್ಮನ್ನು ಅದೇ ಒಳಕೋಣೆಗೆ ಕರೆದು ಕೂಡಿಸಿದಳು.

"ಅಣ್ಣಾ, ಒಂದ್ ಮಾತು ಕೇಳ್ಲೇನ್ರಿ? ಅವತ್ತು ಏನೂ ಆಗಂಗಿಲ್ಲ ಅಂದ್ರಲಾ, ನಿಮಗ ಖರೇನೇ ಖಾತ್ರಿ ಇತ್ತೇನ್ರಿ?"

"ಮೀಟರಿಗಿ ಇತ್ತವ್ವ" ಎಂದೆ.

"ನಿಮಗ್ರಿ?"

"ನನಗ ಇದ್ದಿಲ್ಲ."

ಸಿಟ್ಟು ಬರುತ್ತದೆಂದುಕೊಂಡೆ. ಅವಳು ನಕ್ಕಳು. "ಗೊತ್ತಿತ್ರಿ ನನಗ. ಕಡಬ ಮುರಿಯೋ ಮುಂದ ನಿಮ್ಮ ಕೈ ನಡಗಲಿಕತ್ತಿತ್ತು. ಬಾಗಲದಾಗ ನಿಂತು ನೋಡಿದ್ನಿ. ಈ ಮನಿಗಿ ಅಂಜಲಿಕತ್ತಾರ, ಅಂಜಿಕೊಂತನೂ ಬಂದು ಉಣಲಿಕತ್ತಾರಲಾ ಅಂದ್ಕೊಂಡೆ. ಅದಕ್ಕೇ ಇಟ್ಕೊಂಡೆ."

ನಾನು ಅಂಜಿದ್ದು ಆ ಮನೆಗಲ್ಲ, ಅವಳ ಹೊಟ್ಟೆಯಲ್ಲಿದ್ದ ಆ ಒಂದೇ ಕಾಳಿಗಾಗಿ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಸಿರು ಸೀರೆಯುಟ್ಟ ಭಾಗ್ಯಾ ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅದೇ ಹಿತ್ತಾಳೆಯ ಗಂಗಾಳ ತಂದು ನನ್ನ ಮುಂದಿಟ್ಟಳು. "ಮಾತು ಆಮ್ಯಾಲ್ರಿ ಮಾವ, ಮೊದಲ ಉಣ್ರಿ" ಎಂದಳು. ನಾನು ಕೈ ತೊಳೆದು ಉಣ್ಣಲು ಕುಳಿತೆ.